ಜಾಲಿ ಹೂಬಿಟ್ಟಾಗ ಅಣ್ಣನಿಗೆ ಮಾತ್ರ ದಮ್ಮು ಏಕೆ?

ಸಂಕ್ರಾಂತಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಸುತ್ತಿನ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹಾಸಿಕೊಂಡಿರುತ್ತದೆ. ಒಣಗಿದ ಕಾಯಿಯನ್ನು ಚೀಲಕ್ಕೆ ತುಂಬಿ ತುಳಿಯುವಾಗ ಏಳುವ ಘಾಟಿಗೆ ಹೊಲದ ಗೌಡನೂ ಕೆಮ್ಮುತ್ತಾನೆ, ಹಮಾಲನೂ ಕೆಮ್ಮುತ್ತಾನೆ, ದಾರಿಯಲ್ಲಿ ಹೋಗುವವನೂ ಮೂಗಿಗೆ ಟವೆಲ್ ಒತ್ತಿಕೊಳ್ಳುತ್ತಾನೆ. ಇದು ಅಲರ್ಜಿಯಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ನರದ ತುದಿಯಲ್ಲಿರುವ, ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ನೇರವಾಗಿ ಕೆಣಕುತ್ತದೆ. ಆ ಗ್ರಾಹಕದ ಜೀನನ್ನು 1997ರಲ್ಲಿ ಪತ್ತೆಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದು ಎಲ್ಲರ ನರದಲ್ಲೂ ಇರುವುದರಿಂದ ಘಾಟಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ.

ಅದೇ ಕಣದ ಬದುವಿನಲ್ಲಿ ಬೇಸಿಗೆ ಕಾಲಿಡುತ್ತಿದ್ದಂತೆ ಬಳ್ಳಾರಿ ಜಾಲಿ ಹೂಬಿಡುತ್ತದೆ. ಹಳದಿಗೆ ತಿರುಗಿದ ಹಸಿರಿನ, ತೆನೆಯಂಥ ಹೂ. ಅದರ ಪರಾಗ ಗಾಳಿಯಲ್ಲಿ ತೇಲುವಾಗ ಕಣದಲ್ಲಿ ಹತ್ತು ಮಂದಿಯಿದ್ದರೆ ಒಂಬತ್ತು ಮಂದಿಗೆ ಅದು ಬಂದದ್ದೂ ತಿಳಿಯುವುದಿಲ್ಲ. ಹತ್ತನೆಯವನು ನಮ್ಮ ಅಣ್ಣ. ಮೊದಲು ಕಣ್ಣಿನ ಮೂಲೆ ತುರಿಸುತ್ತದೆ, ಆಮೇಲೆ ಸಾಲುಸಾಲಾಗಿ ಸೀನು, ರಾತ್ರಿ ಮಲಗಿದ ಮೇಲೆ ಎದೆಯಲ್ಲಿ ಸಿಳ್ಳೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಮಾಳಿಗೆಯ ಮೇಲೆ ಮಲಗಿ ಬೆಳೆದ ನನಗೆ ಏನೂ ಆಗುವುದಿಲ್ಲ. "ನಿಮ್ಮಪ್ಪಂದ ಬಂದೈತಿ ಅವ್ನಿಗೆ" ಎನ್ನುವುದು ಅವ್ವನ ತೀರ್ಪು. ಆದರೆ ಅಪ್ಪನಿಗೆ ಒಂದು ದಿನವೂ ದಮ್ಮು ಬಂದದ್ದಿಲ್ಲ. ಅವರಿಗೆ ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿ ಇಸಬು ಇತ್ತು, ದೊಡ್ಡವರಾದ ಮೇಲೆ ಬೆಳಗಿನ ಹೊತ್ತು ನೆಗಡಿ. ಅಪ್ಪನ ತಂಗಿಗೆ ಇವೆರಡೂ ಇಲ್ಲ. ಸೀಗಡಿ ತಿಂದರೆ ಮೈತುಂಬ ಪಿತ್ತಗಂಧೆ ಏಳುತ್ತದೆ. ಇಸಬು, ನೆಗಡಿ, ಗಂಧೆ, ದಮ್ಮು ಎಂದು ನಾಲ್ಕು ಹೆಸರಿನ ಕಾಯಿಲೆಗಳು ಒಂದೇ ರಕ್ತದಲ್ಲಿ ಹೀಗೆ ಹಂಚಿಹೋಗಿರುವುದನ್ನು ನೋಡಿದರೆ ಅವ್ವ ಹೇಳಿದ್ದು ಅರ್ಧ ಸರಿ ಎನ್ನಬೇಕು. ಅಪ್ಪನಿಂದ ಅಣ್ಣನಿಗೆ ಬಂದದ್ದು ದಮ್ಮಲ್ಲ, ಜಾಲಿಯ ಮೇಲಿನ ಹಗೆಯೂ ಅಲ್ಲ. ಕಂಡದ್ದಕ್ಕೆಲ್ಲ ಒಂದು ಬಗೆಯಲ್ಲಿ ಕೆರಳುವ ಜಾಯಮಾನ ಮಾತ್ರ.

ಈ ಜಾಯಮಾನ ಎಂದರೇನೆಂದು ತಿಳಿಯಲು ಅಲರ್ಜಿ ನಡೆಯುವ ಬಗೆಯನ್ನು ಮೊದಲು ನೋಡಬೇಕು. 'ಅಲರ್ಜಿ' ಎಂಬ ಶಬ್ದವನ್ನು 1906ರಲ್ಲಿ ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಒಮ್ಮೆ ಪರಿಚಯವಾದ ವಸ್ತುವಿಗೆ ಮೈ ಎರಡನೆಯ ಸಲ ಬೇರೆ ರೀತಿಯಲ್ಲಿ ಸ್ಪಂದಿಸುವುದನ್ನು ಅವರು ಹಾಗೆ ಕರೆದರು. ನಮ್ಮಲ್ಲಿ 'ಒಗ್ಗುವುದಿಲ್ಲ' ಎನ್ನುತ್ತೇವೆ, ಇಲ್ಲವೆ 'ನಂಜು' ಎನ್ನುತ್ತೇವೆ. ನಂಜು ಎಂಬ ಮಾತಿನ ಚೀಲಕ್ಕೆ ಹಾಲು ಜೀರ್ಣವಾಗದಿರುವುದರಿಂದ ಹಿಡಿದು ಗಾಯ ಕೀವಾಗುವವರೆಗೆ ಎಲ್ಲವನ್ನೂ ತುಂಬುವುದರಿಂದ ಇಲ್ಲಿ ಅದನ್ನು ಬದಿಗಿಡುವುದೇ ಲೇಸು.

ಪರಾಗದ ಕಣವೊಂದು ಮೂಗಿನ ಒದ್ದೆ ಪೊರೆಗೆ ಅಂಟಿದಾಗ ಅದರೊಳಗಿನ ಪ್ರೋಟೀನುಗಳು ಕರಗಿ ಹೊರಬರುತ್ತವೆ. ಪೊರೆಯ ಕೆಳಗೆ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಅವನ್ನು ನುಂಗಿ, ಚೂರು ಮಾಡಿ, ಒಂದೊಂದು ಚೂರನ್ನು ತಮ್ಮ ಮೈಮೇಲಿನ ಎಚ್‌ಎಲ್‌ಎ ಎಂಬ ಹಿಡಿಕೆಯಲ್ಲಿಟ್ಟು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ ತೋರಿಸುತ್ತವೆ. ಟಿ ಕೋಶ ಅದನ್ನು ನಿರುಪದ್ರವಿಯೆಂದು ಬಿಟ್ಟುಬಿಡಬಹುದು. ಹೆಚ್ಚಿನವರಲ್ಲಿ ಆಗುವುದು ಅದೇ. ಕೆಲವರಲ್ಲಿ ಮಾತ್ರ ಅದು 'ಸಹಾಯಕ ಟಿ-2' ಎಂಬ ಬಗೆಯ ಕೋಶವಾಗಿ ಮಾರ್ಪಟ್ಟು, ಇಂಟರ್‌ಲ್ಯೂಕಿನ್-4, 5 ಮತ್ತು 13 ಎಂಬ ಸಂದೇಶವಾಹಕಗಳನ್ನು ಸುರಿಸತೊಡಗುತ್ತದೆ. ಇವುಗಳಲ್ಲಿ ನಾಲ್ಕನೆಯದು ಬಿ ಕೋಶಗಳಿಗೆ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಲು ಆಜ್ಞೆ ಕೊಡುತ್ತದೆ, ಐದನೆಯದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ, ಹದಿಮೂರನೆಯದು ಶ್ವಾಸನಾಳದಲ್ಲಿ ಲೋಳೆಯನ್ನು ಹೆಚ್ಚಿಸುತ್ತದೆ. ತಯಾರಾದ ಐಜಿಇ ರಕ್ತದಲ್ಲಿ ಎರಡು ಮೂರು ದಿನಕ್ಕೇ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೂಗು, ಚರ್ಮ, ಕರುಳಿನಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕುಳಿತರೆ ವಾರಗಟ್ಟಲೆ ಅಲ್ಲಿಂದ ಏಳುವುದಿಲ್ಲ. ಈ ಹಂತದವರೆಗೆ ಮನುಷ್ಯನಿಗೆ ಒಂದು ಸೀನೂ ಬಂದಿರುವುದಿಲ್ಲ. ಮುಂದೆ ಅದೇ ಪರಾಗ ಮತ್ತೆ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದಾಗ ಮಾಸ್ಟ್ ಕೋಶ ತನ್ನಲ್ಲಿದ್ದ ಹಿಸ್ಟಮಿನ್ ಎಂಬ ರಾಸಾಯನಿಕದ ಸಂಗ್ರಹವನ್ನು ಕೆಲವೇ ನಿಮಿಷಗಳಲ್ಲಿ ಹೊರಚೆಲ್ಲುತ್ತದೆ. ತುರಿಕೆ, ಊತ, ಸೀನು ಎಲ್ಲವೂ ಆಮೇಲಿನ ಕಥೆ.

ರಕ್ತದಲ್ಲಿ ಇಂಥದ್ದೊಂದು ಇದೆಯೆಂದು ತೋರಿಸಿದ ಪ್ರಯೋಗ ಸ್ವಾರಸ್ಯದ್ದು. 1921ರಲ್ಲಿ ಜರ್ಮನಿಯ ಕಾರ್ಲ್ ಪ್ರೌಸ್‌ನಿಟ್ಸ್ ಎಂಬವರು, ಮೀನು ಒಗ್ಗದ ತಮ್ಮ ಸಹೋದ್ಯೋಗಿ ಹೈನ್ಸ್ ಕ್ಯುಸ್ಟ್ನರ್ ಅವರ ರಕ್ತದ ಸೀರಮ್ಮನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡರು. ಅಲ್ಲಿ ದದ್ದು ಎದ್ದಿತು. ಆ ಅಜ್ಞಾತ ವಸ್ತುವಿನ ಗುರುತು ಸಿಗಲು 1966-67ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿನ ಇಷಿಜಾಕಾ ದಂಪತಿಯೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆಬೇರೆಯಾಗಿ ಅದನ್ನು ಕಂಡುಕೊಂಡರು. 1968ರಲ್ಲಿ ಅದಕ್ಕೆ ಐಜಿಇ ಎಂದು ನಾಮಕರಣವಾಯಿತು.

ಇದು ಮನೆತನದಲ್ಲಿ ಹರಿಯುತ್ತದೆಂಬ ಸಂಗತಿ ಅದಕ್ಕೂ ಹಿಂದೆಯೇ ದಾಖಲಾಗಿತ್ತು. 1916ರಲ್ಲಿ ನ್ಯೂಯಾರ್ಕಿನ ಕುಕ್ ಮತ್ತು ವಾಂಡರ್ ವೀರ್ ಎಂಬ ವೈದ್ಯರು 504 ರೋಗಿಗಳ ಕುಟುಂಬಗಳನ್ನು ವಿಚಾರಿಸಿ, ಹತ್ತಿರಹತ್ತಿರ ಅರ್ಧದಷ್ಟು ಜನರ ಮನೆಯಲ್ಲಿ ಮತ್ತೊಬ್ಬರಿಗೂ ಇಂಥ ತೊಂದರೆ ಇರುವುದನ್ನು ಬರೆದಿಟ್ಟರು. ತಂದೆಗೆ ಒಂದು ವಸ್ತು ಒಗ್ಗದಿದ್ದರೆ ಮಗನಿಗೆ ಇನ್ನೊಂದು ಒಗ್ಗದಿರಬಹುದೆಂಬುದನ್ನೂ ಅವರು ಗಮನಿಸಿದ್ದರು. ಆದರೆ ಮನೆಯಲ್ಲಿ ಹಲವರಿಗಿದೆ ಎಂದ ಮಾತ್ರಕ್ಕೆ ಅದು ವಂಶವಾಹಿಯದೇ ಕೆಲಸ ಎನ್ನುವಂತಿಲ್ಲ. ಒಂದೇ ಮನೆಯವರು ಒಂದೇ ಧೂಳನ್ನು ಕುಡಿಯುತ್ತಾರೆ, ಒಂದೇ ಒಲೆಯ ಹೊಗೆಯನ್ನೂ ಕುಡಿಯುತ್ತಾರೆ. ಈ ಗಂಟನ್ನು ಬಿಡಿಸಿಕೊಟ್ಟವರು ಅವಳಿಗಳು. ಒಂದೇ ಭ್ರೂಣ ಸೀಳಿ ಹುಟ್ಟಿದ ತದ್ರೂಪಿ ಅವಳಿಗಳ ವಂಶವಾಹಿ ಒಂದೇ. ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳದು ಸಾಮಾನ್ಯ ಅಣ್ಣತಮ್ಮಂದಿರಂತೆ ಸರಾಸರಿ ಅರ್ಧ ಮಾತ್ರ ಒಂದೇ. ಶೇಂಗಾ ಅಲರ್ಜಿಯ ಬಗ್ಗೆ ಅಮೆರಿಕದಲ್ಲಿ 58 ಜೋಡಿಗಳನ್ನು ಪರೀಕ್ಷಿಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವುದು ತದ್ರೂಪಿಗಳಲ್ಲಿ ಶೇ. 64, ಉಳಿದ ಅವಳಿಗಳಲ್ಲಿ ಶೇ. 7. ಈ ಅಂತರ ವಂಶವಾಹಿಯ ಪಾಲನ್ನು ಹೇಳುತ್ತದೆ. ತದ್ರೂಪಿಗಳಲ್ಲೂ ಅದು ನೂರಕ್ಕೆ ನೂರು ಆಗದೆ 64ಕ್ಕೇ ನಿಂತದ್ದು ಇನ್ನೇನೋ ಕೈಯಾಡಿಸುತ್ತದೆ ಎಂಬುದನ್ನು ಹೇಳುತ್ತದೆ. ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಅರ್ಥವುಳ್ಳದ್ದಾಗಿ ಕಾಣುತ್ತದೆ.

ಅಣ್ಣನಿಗೂ ನನಗೂ ಇರುವ ವ್ಯತ್ಯಾಸಕ್ಕೆ ಲೆಕ್ಕ ಸರಳ. ಅಪ್ಪನಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಿಂದ ಒಂದೊಂದನ್ನು ಮಾತ್ರ ಮಗುವಿಗೆ ಕೊಡುತ್ತಾರೆ. ಯಾವುದು ಹೋಗುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ತಂತುಗಳು ನಡುವೆ ತುಂಡು ಅದಲುಬದಲು ಮಾಡಿಕೊಳ್ಳುವುದನ್ನು ಬಿಟ್ಟೇ ಎಣಿಸಿದರೂ ಒಬ್ಬ ತಂದೆಯಿಂದ 83 ಲಕ್ಷಕ್ಕೂ ಮೀರಿದ ಬಗೆಯ ಕಂತೆಗಳು ಹೊರಡಬಹುದು, ತಾಯಿಯಿಂದಲೂ ಅಷ್ಟೇ.

ಹಾಗಾದರೆ ಆ ಕಂತೆಯಲ್ಲಿ ಅಲರ್ಜಿಯ ವಂಶವಾಹಿ ಯಾವುದು ಎಂದು ಕೇಳಿದರೆ, ಒಂದು ಎನ್ನುವಂಥದ್ದು ಇಲ್ಲ. ತುಂಗಭದ್ರಾ ಕಾಲುವೆಯ ಕೆಳಗಿನ ರೈತರಿಗೆ ಇದನ್ನು ಹೇಳುವುದು ಸುಲಭ. ವಿತರಣಾ ನಾಲೆಯ ಉದ್ದಕ್ಕೂ ನೂರಾರು ತೂಬುಗಳಿರುತ್ತವೆ. ಒಂದು ತೂಬಿನ ಹಲಗೆ ಒಂದು ಬೆರಳು ಹೆಚ್ಚು ಎತ್ತಿದರೆ ಯಾರ ಗದ್ದೆಯೂ ಮುಳುಗುವುದಿಲ್ಲ, ಆದರೆ ನೂರು ತೂಬುಗಳಲ್ಲಿ ಅರವತ್ತು ಹೀಗೆ ಎತ್ತಿದ್ದರೆ ಕೆಳಗಿನ ಹೊಲದಲ್ಲಿ ನೀರು ನಿಲ್ಲುತ್ತದೆ. 2017ರಲ್ಲಿ 3,60,838 ಜನರ ವಂಶವಾಹಿಗಳನ್ನು ತಾಳೆ ನೋಡಿದ ಅಂತರರಾಷ್ಟ್ರೀಯ ಅಧ್ಯಯನವೊಂದು ದಮ್ಮು, ಪರಾಗದ ನೆಗಡಿ ಮತ್ತು ಇಸಬು ಈ ಮೂರರ ಅಪಾಯವನ್ನು ಹೆಚ್ಚಿಸುವ 136 ಪಾಠಭೇದಗಳನ್ನು, ಅಂದರೆ ವಂಶವಾಹಿಯ ಬರಹದಲ್ಲಿನ ಸಣ್ಣ ವ್ಯತ್ಯಾಸಗಳನ್ನು, ಗುರುತಿಸಿತು. ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವು ಮೂರೂ ಕಾಯಿಲೆಗಳಿಗೆ ಒಂದೇ ಬಗೆಯಲ್ಲಿ ಹಾದಿ ಮಾಡಿಕೊಡುವಂಥವು. ಅಪ್ಪನ ಇಸಬು ಮಗನಲ್ಲಿ ದಮ್ಮಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ.

ಈ ತೂಬುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಬಹುದು. ಎಲ್ಲಕ್ಕಿಂತ ದೊಡ್ಡದು ರೋಗನಿರೋಧಕ ಕೋಶದಲ್ಲಿ ಇಲ್ಲವೇ ಇಲ್ಲ, ಚರ್ಮದಲ್ಲಿದೆ. ಒಂದನೆಯ ವರ್ಣತಂತುವಿನಲ್ಲಿರುವ ಫಿಲಾಗ್ರಿನ್ ವಂಶವಾಹಿ ಚರ್ಮದ ಹೊರಪದರವನ್ನು ಒತ್ತಾಗಿ ಕಟ್ಟುವ ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಮುಂದೆ ಒಡೆದು ನೀರನ್ನು ಹಿಡಿದಿಡುವ ಸಣ್ಣ ಅಣುಗಳಾಗುತ್ತದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ಬಡಿಯುವುದನ್ನು ಕಂಡವರಿಗೆ ಇದರ ಕೆಲಸ ಅರ್ಥವಾದೀತು: ಆ ಪದರ ತೆಳುವಾದ ವರ್ಷ ಜಂತಿಯ ಸಂದಿನಿಂದ ನೀರು ಇಳಿಯುತ್ತದೆ. ಫಿಲಾಗ್ರಿನ್ನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಚರ್ಮ ಒಣಗಿ, ಕಣ್ಣಿಗೆ ಕಾಣದ ಬಿರುಕುಗಳಿಂದ ಧೂಳು, ಪರಾಗ, ಆಹಾರದ ಚೂರು ಒಳಗಿಳಿಯುತ್ತವೆ. ಕರುಳಿನ ದಾರಿಯಿಂದ ಬಂದಿದ್ದರೆ ನೆಂಟನೆಂದು ಸ್ವೀಕಾರವಾಗುತ್ತಿದ್ದ ವಸ್ತು ಚರ್ಮದ ದಾರಿಯಿಂದ ಬಂದು ಕಳ್ಳನೆನಿಸಿಕೊಳ್ಳುತ್ತದೆ. ಫಿಲಾಗ್ರಿನ್ ಕೆಟ್ಟವರಿಗೆ ಇಸಬಿನ ಅಪಾಯ ಹೆಚ್ಚೆಂಬುದನ್ನು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಮೆಕ್ಲೀನ್ ಅವರ ತಂಡ 2006ರಲ್ಲಿ ತೋರಿಸಿತು. ಯೂರೋಪ್ ಮೂಲದವರಲ್ಲಿ ಸುಮಾರು ಶೇ. 9ರಷ್ಟು ಜನರಲ್ಲಿ ಅಂಥ ಒಂದು ಕೆಟ್ಟ ಪ್ರತಿಯಿದೆ. ಏಷ್ಯಾದವರಲ್ಲಿ ಕೆಟ್ಟಿರುವ ಜಾಗಗಳು ಬೇರೆ. ಇಂಥವರ ಅಂಗೈಯಲ್ಲಿ ಸಾಮಾನ್ಯಕ್ಕಿಂತ ಹೆಚ್ಚು ಗೆರೆಗಳು ಒತ್ತೊತ್ತಾಗಿ ಮೂಡಿರುತ್ತವೆ. ಚರ್ಮವೈದ್ಯರು ಕೈ ಮುಂದೆ ಮಾಡಿಸಿ ಅಂಗೈ ನೋಡುವುದು ಅದಕ್ಕೇ. ಅಂಗೈ ನೋಡಿ ಹೇಳುವ ಮಾತುಗಳಲ್ಲಿ ಆಧಾರವಿರುವುದು ಬಹುಶಃ ಇದೊಂದಕ್ಕೇ.

ಐದನೆಯ ವರ್ಣತಂತುವಿನ ಒಂದು ಓಣಿಯಲ್ಲಿ ಮೇಲೆ ಹೇಳಿದ ಇಂಟರ್‌ಲ್ಯೂಕಿನ್ 4, 5, 13 ಮೂರರ ವಂಶವಾಹಿಗಳೂ ಅಕ್ಕಪಕ್ಕದಲ್ಲಿ ಮನೆಮಾಡಿವೆ. ಅಲ್ಲಿ ಅಕ್ಷರವೊಂದು ಬದಲಾದರೆ ಆಜ್ಞೆಯ ದನಿ ಸ್ವಲ್ಪ ಏರುತ್ತದೆ. ಮಾಸ್ಟ್ ಕೋಶದ ಮೇಲೆ ಐಜಿಇ ಕುಳಿತುಕೊಳ್ಳುವ ಪೀಠದ ವಂಶವಾಹಿಯಲ್ಲಿನ ಭೇದಗಳು ರಕ್ತದಲ್ಲಿನ ಒಟ್ಟು ಐಜಿಇ ಮಟ್ಟವನ್ನು ಏರಿಳಿಸುತ್ತವೆ. ಹದಿನೇಳನೆಯ ತಂತುವಿನ ಒಂದು ಭಾಗಕ್ಕೂ ಬಾಲ್ಯದಲ್ಲೇ ಶುರುವಾಗುವ ದಮ್ಮಿಗೂ ನಂಟಿದೆಯೆಂದು 2007ರಲ್ಲಿ ಗೊತ್ತಾಯಿತು. ಆರನೆಯ ತಂತುವಿನಲ್ಲಿರುವ ಎಚ್‌ಎಲ್‌ಎ ಹಿಡಿಕೆಗಳದು ಇವೆಲ್ಲಕ್ಕಿಂತ ಬೇರೆ ಪಾತ್ರ: ಮೈ ಎಷ್ಟು ಕೆರಳುತ್ತದೆ ಎಂಬುದಕ್ಕಿಂತ ಯಾವುದಕ್ಕೆ ಕೆರಳುತ್ತದೆ ಎಂಬುದರಲ್ಲಿ ಅವುಗಳ ಕೈ ಇದೆ, ಏಕೆಂದರೆ ಒಬ್ಬೊಬ್ಬರ ಹಿಡಿಕೆಗೆ ಒಂದೊಂದು ಆಕಾರದ ಚೂರು ಸರಿಯಾಗಿ ಕೂರುತ್ತದೆ. ಐಜಿಇಗೆ ಸಂಬಂಧವಿಲ್ಲದಿದ್ದರೂ ಈ ಹಿಡಿಕೆಯ ಬಲವನ್ನು ತೋರಿಸುವ ಉದಾಹರಣೆ ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಗುಳಿಗೆಯದು. ಅದರಿಂದ ಚರ್ಮ ಸುಲಿದುಹೋಗುವ ಭೀಕರ ಪ್ರತಿಕ್ರಿಯೆಗೆ ಒಳಗಾದ ತೈವಾನಿನ 44 ರೋಗಿಗಳನ್ನು 2004ರಲ್ಲಿ ಪರೀಕ್ಷಿಸಿದಾಗ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಭೇದ ಸಿಕ್ಕಿತು. ಈ ಭೇದ ಭಾರತದವರಲ್ಲೂ ಇದೆ. ಮನೆಯಲ್ಲಿ ಯಾರಿಗಾದರೂ ಯಾವುದೋ ಗುಳಿಗೆಯಿಂದ ಹೀಗಾಗಿದ್ದರೆ ಅದರ ಹೆಸರನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವುದು ಅವಶ್ಯ.

ನಮ್ಮ ಜಿಲ್ಲೆಗಳಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಇಂದಿಗೂ ಉಂಟಾದ್ದರಿಂದ, ರಕ್ತಸಂಬಂಧದ ಮದುವೆಯಿಂದ ಅಲರ್ಜಿ ಬರುತ್ತದೆಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಾಮಾನ್ಯ ನೆಗಡಿ-ದಮ್ಮಿನ ಮಟ್ಟಿಗೆ, ನೂರಾರು ತೂಬುಗಳ ಲೆಕ್ಕವಾದ್ದರಿಂದ, ಸೋದರಿಕೆಯ ಮದುವೆಯನ್ನೇ ದೂರುವಂತಿಲ್ಲ. ಆದರೆ ಕೆಟ್ಟ ಪ್ರತಿ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುವ ವಿರಳ ಕಾಯಿಲೆಗಳ ಮಾತು ಹಾಗಲ್ಲ. ಡಾಕ್-8 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟ ಮಕ್ಕಳಲ್ಲಿ ಐಜಿಇ ವಿಪರೀತ ಏರಿ, ತೀವ್ರ ಇಸಬು ಮತ್ತು ಆಹಾರದ ಅಲರ್ಜಿಗಳ ಜೊತೆಗೆ ಮತ್ತೆಮತ್ತೆ ಸೋಂಕೂ ತಗಲುತ್ತದೆಂದು 2009ರಲ್ಲಿ ತಿಳಿದುಬಂತು. ಅಜ್ಜನೊಬ್ಬನಲ್ಲಿದ್ದ ಒಂದು ಕೆಟ್ಟ ಪ್ರತಿ ಎರಡು ಕವಲಿನಿಂದ ಬಂದು ಮರಿಮಗುವಿನಲ್ಲಿ ಜೊತೆಯಾಗಲು ಸೋದರಿಕೆಯ ಮದುವೆಯಲ್ಲಿ ಅವಕಾಶ ಹೆಚ್ಚು. ಇಸಬಿನ ಜೊತೆಗೆ ಪದೇಪದೇ ನ್ಯುಮೋನಿಯಾ, ಕೀವುಗಡ್ಡೆ, ವಾಸಿಯಾಗದ ನರೂಲಿ ಇರುವ ಮಗುವನ್ನು 'ಮೈಗುಣ' ಎಂದು ಸುಮ್ಮನೆ ಬಿಡಬಾರದು.

ಇಷ್ಟು ತೊಂದರೆ ಕೊಡುವ ಐಜಿಇಯನ್ನು ಪ್ರಕೃತಿ ಏಕೆ ಉಳಿಸಿಕೊಂಡು ಬಂತು ಎಂಬುದಕ್ಕೆ ಹೆಚ್ಚಿನ ವಿಜ್ಞಾನಿಗಳು ಬೆರಳು ತೋರುವುದು ಹೊಟ್ಟೆಯ ಹುಳುಗಳತ್ತ. ಕೊಕ್ಕೆಹುಳು, ಜಂತುಹುಳುಗಳು ಕೋಶ ನುಂಗಲಾಗದಷ್ಟು ದೊಡ್ಡವು. ಅವನ್ನು ಹೊರದೂಡಲು ಲೋಳೆ, ತುರಿಕೆ, ಕರುಳಿನ ಸೆಳೆತ ಬೇಕು. ಟಿ-2 ದಾರಿ ಕೊಡುವುದು ಇವನ್ನೇ.

ಇನ್ನು ಅವಳಿಗಳ ಲೆಕ್ಕದಲ್ಲಿ ಬಾಕಿ ಉಳಿದ ಪಾಲಿನ ಮಾತು. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳು ಮಧ್ಯ ಯೂರೋಪಿನಿಂದ ಹೋದವು. ವಂಶವಾಹಿಯಲ್ಲಿ ಹತ್ತಿರದ ದಾಯಾದಿಗಳಂತಿವೆ. ಆಮಿಶ್ ಮನೆಗಳಲ್ಲಿ ಇಂದಿಗೂ ಕುದುರೆ ಬೇಸಾಯ, ಕೊಟ್ಟಿಗೆ ಮನೆಯ ಹತ್ತಿರವೇ ಇರುತ್ತದೆ. ಹಟರೈಟರದು ಯಂತ್ರಗಳ ದೊಡ್ಡ ಸಾಮೂಹಿಕ ಬೇಸಾಯ, ಮಕ್ಕಳಿಗೆ ಕೊಟ್ಟಿಗೆಯ ಒಡನಾಟ ಕಡಿಮೆ. ಶಾಲಾ ಮಕ್ಕಳಲ್ಲಿ ದಮ್ಮು ಆಮಿಶರಲ್ಲಿ ಶೇ. 5ರ ಆಸುಪಾಸು, ಹಟರೈಟರಲ್ಲಿ ಶೇ. 21. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಮಿಶ್ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಎಂಡೊಟಾಕ್ಸಿನ್ 6.8 ಪಟ್ಟು ಹೆಚ್ಚಿತ್ತು. ಎಳವೆಯಲ್ಲಿ ಅಂಥ ಧೂಳಿನ ಪರಿಚಯವಾದ ಮೈ ಪರಾಗಕ್ಕೆ ಕೆರಳುವುದನ್ನು ಕಡಿಮೆ ಮಾಡುತ್ತದೆ ಎಂದು ಇದರಿಂದ ತಿಳಿಯುತ್ತಾರೆ. ಹಾಗೆಂದು ಧೂಳೆಲ್ಲ ಅಮೃತವಲ್ಲ: ರಾಯಚೂರಿನಂಥ ಹತ್ತಿ ಬೆಳೆಯುವ ಕಡೆಯ ಜಿನ್ನಿಂಗ್ ಕೆಲಸಗಾರರ ಎದೆ ಬಿಗಿಯಲು ಹತ್ತಿಯ ಧೂಳಿನಲ್ಲಿರುವ ಇದೇ ಎಂಡೊಟಾಕ್ಸಿನ್ ಮುಖ್ಯ ಕಾರಣವೆಂದು ಹೇಳುತ್ತಾರೆ. ಯಾವ ವಯಸ್ಸಿನಲ್ಲಿ, ಎಷ್ಟು ಪ್ರಮಾಣದಲ್ಲಿ ಎಂಬುದೇ ಇಲ್ಲಿ ಎಲ್ಲವೂ.

ನಮ್ಮ ನೆಲವನ್ನೇ ನೋಡಿದರೂ ಇದು ಕಾಣುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಗಂಗಾವತಿ, ಸಿಂಧನೂರು ಕಡೆ ಜೋಳದ ಎರೆ ಹೊಲಗಳು ಭತ್ತದ ಗದ್ದೆಗಳಾದವು, ಅಕ್ಕಿ ಗಿರಣಿಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಜಾಲಿ ಇಲ್ಲಿಯ ಬದು, ಕೆರೆಯಂಗಳ, ರಸ್ತೆಬದಿಯನ್ನೆಲ್ಲ ಆಕ್ರಮಿಸಿ ಬಳ್ಳಾರಿಯ ಹೆಸರನ್ನೇ ಹೊತ್ತುಕೊಂಡಿತು. ವಂಶವಾಹಿಗಳು ಎರಡು ಮೂರು ತಲೆಮಾರಿನಲ್ಲಿ ಬದಲಾಗುವಂಥವಲ್ಲ. ಅಜ್ಜನ ಅಜ್ಜನಲ್ಲೂ ಅಣ್ಣನಂಥದೇ ಜಾಯಮಾನ ಇದ್ದಿರಬಹುದು. ಕೆರಳಲು ಆತನ ಸುತ್ತ ಈ ಬಳ್ಳಾರಿ ಜಾಲಿಯೇ ಇರಲಿಲ್ಲ.

ಅಣ್ಣನ ಜೊತೆ ನಾನೂ ಒಮ್ಮೆ ಚರ್ಮದ ಪರೀಕ್ಷೆ ಮಾಡಿಸಿಕೊಂಡೆ. ಮುಂಗೈಯ ಒಳಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಸಾರದ ಹನಿಯಿಟ್ಟು, ಹನಿಯ ಮೂಲಕ ಸಣ್ಣ ಮೊನೆಯಿಂದ ರಕ್ತ ಬಾರದಷ್ಟು ಹಗುರಾಗಿ ಚುಚ್ಚುತ್ತಾರೆ. ಒಂದು ಬರೀ ಹಿಸ್ಟಮಿನ್, ಒಂದು ಬರೀ ಉಪ್ಪುನೀರು, ಹೋಲಿಸಿ ನೋಡಲು. ಹದಿನೈದು ಇಪ್ಪತ್ತು ನಿಮಿಷ ಕೈ ತುರಿಸದೆ ಕುಳಿತಿರಬೇಕು, ಕಷ್ಟ ಇರುವುದು ಅಲ್ಲೇ. ಅಣ್ಣನ ಕೈಯಲ್ಲಿ ಜಾಲಿಯ ಗುರುತಿನ ಪಕ್ಕ ಹುಣಸೆಬೀಜದಷ್ಟು ಬಿಳಿಚಿದ ಗಂಧೆ ಎದ್ದು, ಸುತ್ತ ಕೆಂಪು ಹರಡಿತು. ನನ್ನ ಕೈಯಲ್ಲೂ ಅದೇ ಜಾಗದಲ್ಲಿ ಒಂದು ಗಂಧೆ, ಚಿಕ್ಕದು. ಆದರೂ ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ಮೀರಿದ್ದರಿಂದ ಲೆಕ್ಕಕ್ಕೆ ಬಂತು. ಅಂದರೆ ನನ್ನಲ್ಲೂ ಜಾಲಿಯ ವಿರುದ್ಧ ಐಜಿಇ ಇದೆ, ಕಾಯಿಲೆ ಮಾತ್ರ ಇಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಬೆಂಗಳೂರು-ಮೈಸೂರು ಭಾಗದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶೇ. 26.5ರಷ್ಟು ಜನರಲ್ಲಿ ಯಾವುದಾದರೂ ಒಂದು ಆಹಾರದ ವಿರುದ್ಧ ಐಜಿಇ ಇತ್ತು, ಆಹಾರದ ಅಲರ್ಜಿ ಇರಬಹುದೆಂದು ತೋರಿದ್ದು ಶೇ. 1.2ರಷ್ಟು ಜನರಲ್ಲಿ ಮಾತ್ರ. ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಮಗುವಿಗೆ ಹಾಲು, ಮೊಟ್ಟೆ, ಶೇಂಗಾ ಎಲ್ಲವನ್ನೂ ನಿಲ್ಲಿಸುವುದು ತಪ್ಪೆನ್ನುವುದು ಇದಕ್ಕೇ.

ಕಾಂಗ್ರೆಸ್ ಕಸ ಎಂದು ನಾವು ಕರೆಯುವ ಪಾರ್ಥೇನಿಯಂ ಕೀಳುವವರಿಗೆ ಮುಖ, ಕುತ್ತಿಗೆ, ಮೊಣಕೈಯ ಚರ್ಮ ಕಪ್ಪಗೆ ದಪ್ಪವಾಗುವುದು ಮಾತ್ರ ಈ ದಾರಿಯದಲ್ಲ. ಅಲ್ಲಿ ಐಜಿಇ ಇಲ್ಲದೆ ಟಿ ಕೋಶಗಳೇ ನೇರವಾಗಿ ಕೆಲಸ ಮಾಡುತ್ತವೆ, ತುರಿಕೆ ನಿಮಿಷದಲ್ಲಲ್ಲ, ಒಂದೆರಡು ದಿನಕ್ಕೆ ಶುರುವಾಗುತ್ತದೆ. ಆದರೆ ಅದೇ ಗಿಡದ ಪರಾಗ ಮೂಗಿಗೆ ಹೋದಾಗ ಐಜಿಇ ದಾರಿಯ ನೆಗಡಿಯನ್ನೂ ಎಬ್ಬಿಸಬಲ್ಲದು.

ಜೊಲ್ಲನ್ನು ಕಳಿಸಿದರೆ ಅಲರ್ಜಿಯ ಭವಿಷ್ಯ ಹೇಳುತ್ತೇವೆಂಬ ಜೀನ್ ಪರೀಕ್ಷೆಗಳಿಗೆ ದುಡ್ಡು ಸುರಿಯುವುದು ನನಗೆ ಸರಿಕಾಣುವುದಿಲ್ಲ. ನೂರಾರು ತೂಬುಗಳ ಎತ್ತರವನ್ನು ಅಳೆದರೂ ಕಾಲುವೆಗೆ ಎಷ್ಟು ನೀರು ಬಿಡುತ್ತಾರೆಂದು ತಿಳಿಯದಿದ್ದರೆ ಯಾರ ಗದ್ದೆ ಮುಳುಗುತ್ತದೆಂದು ಹೇಳಲಾಗದು. ಅಪ್ಪ, ಅವ್ವ, ಒಡಹುಟ್ಟಿದವರಲ್ಲಿ ಯಾರಿಗೆ ಇಸಬು, ಯಾರಿಗೆ ದಮ್ಮು, ಯಾರಿಗೆ ಯಾವ ತಿನಿಸಿನಿಂದ ಗಂಧೆ ಎಂಬ ಮೂರು ಪ್ರಶ್ನೆಗಳ ಉತ್ತರ ಇಂದಿಗೂ ವೈದ್ಯರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಉತ್ತರದಿಂದ ಏನು ಮಾಡಬಹುದೆಂಬುದು ಅಣ್ಣನ ಮಗಳ ವಿಷಯದಲ್ಲಿ ನಮಗೆ ಎದುರಾಯಿತು. ಐದು ತಿಂಗಳಿಗೇ ಅವಳ ಕೆನ್ನೆಯ ಮೇಲೆ ಇಸಬು. ಮನೆತನದ ಕಥೆ ಗೊತ್ತಿದ್ದ ಹಿರಿಯರು ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿ ಎಂದರು. ಹಿಂದೆ ಬ್ರಿಟನ್, ಅಮೆರಿಕದ ವೈದ್ಯರೂ ಹಾಗೇ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನಿಂದ ಬಂದ ಪ್ರಯೋಗದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ, 4ರಿಂದ 11 ತಿಂಗಳೊಳಗಿನ 640 ಕೂಸುಗಳಲ್ಲಿ ಶೇಂಗಾ ತಿನ್ನಿಸದೆ ಬೆಳೆಸಿದವರಿಗೆ ಐದು ವರ್ಷಕ್ಕೆ ಶೇ. 17.2ರಷ್ಟು ಶೇಂಗಾ ಅಲರ್ಜಿ ಬಂದಿದ್ದರೆ, ವಾರವಾರ ತಿನ್ನಿಸಿದವರಲ್ಲಿ ಅದು ಶೇ. 3.2. ಎರಡೂ ಗುಂಪಿನ ಮಕ್ಕಳ ಜಾಯಮಾನ ಒಂದೇ ಬಗೆಯದು. ಇಸಬು ಜೋರಾಗಿದ್ದರೆ ಮೊದಲ ತುತ್ತು ವೈದ್ಯರ ಕಣ್ಣೆದುರೇ ಆಗಬೇಕು, ಮತ್ತು ಇಡೀ ಕಾಳನ್ನು ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅತ್ತಿಗೆ ಹುರಿದ ಶೇಂಗಾದ ಸಿಪ್ಪೆ ತೂರಿ, ನುಣ್ಣಗೆ ಅರೆದು, ರಾಗಿ ಗಂಜಿಯಲ್ಲಿ ಕದಡಿ ವೈದ್ಯರ ಕೋಣೆಯಲ್ಲಿ ಅರ್ಧ ಚಮಚ ನೆಕ್ಕಿಸಿದಳು. ಮಗು ಮುಖ ಹಿಂಡಿ ಉಗುಳಿತು. ಎರಡನೆಯ ಸಲ ನುಂಗಿತು. ಈಗ ಅವಳಿಗೆ ನಾಲ್ಕು ವರ್ಷ. ಮೊಣಕೈ ಮಡಿಕೆಯ ಇಸಬು ಇನ್ನೂ ಇದೆ, ಸ್ನಾನವಾದ ಕೂಡಲೇ ಒದ್ದೆ ಮೈಗೇ ಮುಲಾಮು ಹಚ್ಚುತ್ತಾರೆ. ರೊಟ್ಟಿಗೆ ಶೇಂಗಾ ಹಿಂಡಿ ಇಲ್ಲದಿದ್ದರೆ ಉಣ್ಣುವುದಿಲ್ಲ ಎನ್ನುತ್ತಾಳೆ.